ಮೂರನೇ ಟ್ರ್ಯಾಕೇ ವಾಸಿ

ಜಪಾನಿನಲ್ಲಿ ಹೊಸ ಸಿಂಗಲ್‌ಗಳು ಹೆಚ್ಚಾಗಿ ಬುಧವಾರ ಹೊರಬರುತ್ತವೆ. ನಮ್ಮಂಥ ಅಭಿಮಾನಿಗಳ ಮುಖ ಜೋತುಬೀಳುವುದಕ್ಕೆ ಗುರುವಾರದವರೆಗೂ ಕಾಯಬೇಕಿಲ್ಲ.

ತಪ್ಪು ಪಾಪ್ ತಾರೆ ಹಿಕಾರು ಉತಾದಾ ಕಾಲದ್ದು ಅನ್ನಿ. 1998ರಲ್ಲಿ ಹದಿನೈದರ ವಯಸ್ಸಿಗೇ 'ಆಟೋಮ್ಯಾಟಿಕ್', ಮರುವರ್ಷ 70 ಲಕ್ಷಕ್ಕೂ ಮೀರಿ ಮಾರಾಟವಾದ 'ಫಸ್ಟ್ ಲವ್' ಆಲ್ಬಂ! ಆ ರುಚಿ ಹತ್ತಿದ ಕಿವಿಗೆ ಈಗ ಏನು ಬಡಿಸಿದರೂ ಸಪ್ಪೆ.

ನನ್ನ ಮೆಚ್ಚಿನ ಗಾಯಕಿಯೊಬ್ಬರ (ಹೆಸರು ಬೇಡ, ಅಭಿಮಾನ ಇನ್ನೂ ಪೂರ್ತಿ ಸತ್ತಿಲ್ಲ) ಹೊಸ ಹಾಡು ಯಾವುದೋ ಅನಿಮೆಗೆ ಹೊಸೆದದ್ದು. ಅನಿಮೆಯ ಶುರುವಿನ ಹಾಡಿಗೆ ಸಿಗುವುದು ಸುಮಾರು 90 ಸೆಕೆಂಡು. ಅಷ್ಟರವರೆಗೆ ಹಾಡು ಭರ್ಜರಿ! ಆಮೇಲೆ ಅದೇ ಪಲ್ಲವಿ, ಒಂದು ಗಿಟಾರ್ ಕಿರುಚಾಟ, ಮತ್ತೆ ಅದೇ ಪಲ್ಲವಿ, ಈ ಸಲ ಶ್ರುತಿ ಅರ್ಧ ಮನೆ ಏರಿಸಿ. ಎರಡನೇ ಟ್ರ್ಯಾಕ್ ಲೆಕ್ಕ ಭರ್ತಿಗೆ. ಮೂರನೆಯದು ಮೊದಲನೆಯದೇ, ಆದರೆ ಗಾಯನವಿಲ್ಲದ ಕರೋಕೆ. ಸತ್ಯವಾಗಿ ಹೇಳುತ್ತೇನೆ, ಅದೇ ಚೆನ್ನಾಗಿತ್ತು.

ಹುಡುಗಿಯರ ಪಾಪ್ ತಂಡ ಎಕೆಬಿ48ನವರು ಜಾಣರು. ಸಿಡಿಯೊಳಗೆ ಗಾಯಕಿಯರ ಕೈಕುಲುಕುವ ಚೀಟಿ, ತಂಡದೊಳಗಿನ ಚುನಾವಣೆಯ ಮತಚೀಟಿ ಇಟ್ಟರು. ಹಾಡು ಹೇಗಿದ್ದರೇನು, ಒಬ್ಬೊಬ್ಬರು ರಾಶಿಗಟ್ಟಲೆ ಕೊಂಡರು. 2017ರಲ್ಲಿ ಫುಕುವೊಕಾದ ಬೆಟ್ಟದಲ್ಲಿ ಅಂಥ ನೂರಾರು ಸಿಡಿ ಸುರಿದು ಬಂದವನೊಬ್ಬ ಪೊಲೀಸ್ ಕೇಸು ಎದುರಿಸಬೇಕಾಯಿತು. ಕಾರಣ ಕಸ ಎಸೆದದ್ದು, ವಿಮರ್ಶೆಯಲ್ಲ.

ನೀವೂ ಈ ಗೀಳಿನವರಾದರೆ ನನ್ನದೊಂದು ವಿನಂತಿ: ಮೊದಲ 90 ಸೆಕೆಂಡು ಕೇಳಿ, ನಿಲ್ಲಿಸಿಬಿಡಿ. ಮುಂದಿನ ಸಿಂಗಲ್ ಯಾವಾಗ ಅಂತ ಗೊತ್ತಾದರೆ ಮಾತ್ರ ನನಗೂ ತಿಳಿಸಿ.