‘ನಮ್ಮವ್ರು ಅದಾರ’ ಕಾಕಾ

ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆ ಯಾವ ಮನೆಯ ಹುಡುಗನಿಗೆ ವೀಸಾ ಬಂದರೂ ಮೊದಲು ಸುದ್ದಿ ಮುಟ್ಟುವುದು ಒಬ್ಬ ಕಾಕಾನಿಗೆ. ಅವರಿಗೆ ಪಾಸ್‌ಪೋರ್ಟ್ ಇರುವುದಿಲ್ಲ. ಗಡಿ ದಾಟಿದ್ದೆಂದರೆ ಕೊಲ್ಲಾಪುರದ ಮಹಾಲಕ್ಷ್ಮಿ ದರ್ಶನಕ್ಕೆ. ಆದರೂ ಜಗತ್ತಿನ ಯಾವ ಊರಲ್ಲಿ ಮನೆ ಬೇಕೆಂದರೂ ಉತ್ತರ ಒಂದೇ: “ಅಲ್ಲಿ ನಮ್ಮವ್ರು ಅದಾರ ತಗೋ, ಚಿಂತಿ ಬ್ಯಾಡ.”

ನನ್ನ ಪಾಲಿಗೆ ಬಂದವರು ನಮ್ಮ ಗೋಕಾಕದ ಓಣಿಯವರು. ನಾನು ಲಂಡನ್ನಿಗೆ ಹೊರಟಾಗ ಅವರು ಹುಡುಕಿಕೊಟ್ಟ ‘ನಮ್ಮವರು’ ಹುಕ್ಕೇರಿಯ ಬೀಗರ ಅಳಿಯನ ಗೆಳೆಯ. ಆತ ಇದ್ದದ್ದು ಮ್ಯಾಂಚೆಸ್ಟರಿನಲ್ಲಿ, ಮುನ್ನೂರು ಕಿಲೋಮೀಟರಿಗೂ ಆಚೆ. “ಒಂದ ದೇಶ ಅಲ್ಲೇನೋ? ಹೋಗಿ ಬಂದು ಮಾಡು” ಎಂದರು.

ಓಣಿಯನ್ನೂ ಅವರೇ ಗೊತ್ತುಮಾಡಿದ್ದರು. 2015ರಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಮೂರ್ತಿ ಅನಾವರಣವಾದದ್ದನ್ನು ಟಿವಿಯಲ್ಲಿ ನೋಡಿದ್ದರಲ್ಲ! “ಅಲ್ಲೇ ಹಂತೇಕ ಒಂದು ಖೋಲಿ ಹಿಡಿ. ದಿನಾ ಕೈಮುಗದು ಕೆಲಸಕ್ಕ ಹೋಗಬಹುದು.” ಹೊಳೆಯ ಆಚೆ ದಂಡೆಗೆ ಅವರ ಪಾರ್ಲಿಮೆಂಟು ಇದೆ, ಬಾಡಿಗೆ ನಮ್ಮ ಕೈಗೆಟುಕದು ಎಂದೆ. “ಹಂಗಾದ್ರ ಮಂದಿ ಚಲೋ ಇರ್ತಾರ.”

ಇಷ್ಟನ್ನೂ ಸಹಿಸಬಹುದಿತ್ತು. ಈಸ್ಟ್ ಹ್ಯಾಮಿನ ಖೋಲಿಯದ್ದು ಮಾತ್ರ ಇನ್ನೂ ಹೊಟ್ಟೆ ಉರಿಸುತ್ತದೆ. ಏಜೆಂಟ ಕೀಲಿಕೈ ಹಿಡಿದು ನಿಂತಿದ್ದ. ಹಿಂದೆ ಜಿಟಿಜಿಟಿ ಮಳೆಯಲ್ಲಿ ಸಾಲು. ವಿಡಿಯೋದಲ್ಲಿ ಕಾಕಾ: “ಬಾಗಲಾ ತೋರಸು. ದಕ್ಷಿಣಕ್ಕ ಐತಿ! ಒಲಿ ಎಲ್ಲಿ? ಬಚ್ಚಲಕ್ಕ ಹತ್ತಿ ಒಲಿ? ರೊಟ್ಟಿ ಬಡದ್ರ ಮ್ಯಾಲಿನವ್ರು ಜಗಳಾ ತಗೀತಾರೇನು ಕೇಳು.” ರೊಟ್ಟಿ ಬಡಿಯಲು ನನಗೆ ಬರುವುದಿಲ್ಲ ಎಂಬುದು ಅವರಿಗೆ ಗೌಣ. ಬಾಡಿಗೆ ಕೇಳಿದ್ದೇ “ಫೋನ್ ಅವನ ಕಡೆ ಹಿಡಿ” ಎಂದರು. ಮೂಡಲಗಿಯ ದನದ ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎಮ್ಮೆಯ ಬೆಲೆ ಇಳಿಸಿದ ಮನುಷ್ಯ. ಇಲ್ಲಿ ಹಿಡಿಯಲು ಕೈಯಿಲ್ಲದೆ ಮೂರು ಬೆರಳನ್ನು ಕ್ಯಾಮೆರಾಕ್ಕೇ ತೋರಿಸಿದರು. ಏಜೆಂಟ ಪಾಪ, ಟಾಟಾ ಮಾಡುತ್ತಿದ್ದಾರೆಂದು ತಾನೂ ಕೈಬೀಸಿದ. ಅಷ್ಟರಲ್ಲಿ ನನ್ನ ಹಿಂದಿನ ಹುಡುಗಿ ಮೊಬೈಲಿನಲ್ಲೇ ಒಂದು ವಾರದ ಬಾಡಿಗೆ ಮುಂಗಡ ಕಟ್ಟಿ ಖೋಲಿ ಹಿಡಿದಾಗಿತ್ತು. “ಹೋತ ಬಿಡು, ಪೀಡಾ ಕಳೀತು” ಎಂದರು ಕಾಕಾ.

2019ರ ಕಾನೂನಿನಂತೆ ಇಂಥ ಖೋಲಿಗಳಿಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ ಕೇಳುವಂತಿಲ್ಲ ಎಂದಾಗ ಮಾತ್ರ, ಬೆಂಗಳೂರಿನಲ್ಲಿ ಮಗನಿಗಾಗಿ ಹತ್ತು ತಿಂಗಳದ್ದು ಎಣಿಸಿಕೊಟ್ಟಿದ್ದ ಅವರು ಮೊದಲ ಸಲ ಇಂಗ್ಲಿಷರನ್ನು ಹೊಗಳಿದರು.

ಮುಂದಿನ ಮನೆಯವರು ಜಾಮೀನು ಕೇಳಿದರು. “ನಾ ಆಗತೇನಿ. ಹೊಲದ ಉತಾರ ಕಳಸಲೇನು?” ಬೇಡವೆನ್ನುವಷ್ಟರಲ್ಲಿ ವಾಟ್ಸಾಪಿಗೆ ಬಂದೇಬಿಟ್ಟಿತು: ಎರಡು ಎಕರೆ ಕಬ್ಬು, ಸರ್ವೆ ನಂಬರ್ ಸಮೇತ, ಫೋಟೊದ ಅಂಚಿಗೆ ಅವರ ಹೆಬ್ಬೆರಳು. ಜಾಮೀನುದಾರ ಬ್ರಿಟನ್ನಿನಲ್ಲೇ ಇರಬೇಕೆನ್ನುವವನಿಗೆ ಆ ಕಾಗದ ಏನು ತಿಳಿದೀತು? ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವ ಸೀಮೆಯಲ್ಲಿ, ಓಣಿಯ ಹುಡುಗನಿಗಾಗಿ ಹೊಲವನ್ನೇ ಮುಂದಿಡುವವರು ಎಷ್ಟು ಮಂದಿ ಇದ್ದಾರು?

ಕಡೆಗೆ ಸಹಿ ಹಾಕಿದವನು ನನ್ನ ಮುಖವನ್ನೇ ಕಾಣದ ಆ ಮ್ಯಾಂಚೆಸ್ಟರಿನವನು. ಕಾಕಾ ಹೇಳಿದ್ದರಂತೆ, ಸಾಕಂತೆ.

ಈಗ ಮೂಡಲಗಿಯ ಹುಡುಗನೊಬ್ಬ ದುಬೈಗೆ ಹೊರಟಿದ್ದಾನೆ. ನಿನ್ನೆ ಕಾಕಾನ ಫೋನು: “ತಮ್ಮಾ, ನಮಗಿಂತ ನಿನಗ ಸನೇಕ ಆಗತೈತಿ. ಐತವಾರ ಹೋಗಿ ಒಂದು ಖೋಲಿ ನೋಡಿ ಬಾ.”