ಓಡುವ ಯಂತ್ರದಿಂದ ಡಿಸ್ಕ್ ಕೀಳುವ ಕ್ರಮ

ಹಾಟ್ ಸ್ವಾಪ್ ಬೇ ಎಂಬುದು ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಕೂರುವ ಒಂದು ಗೂಡು. ಅದರ ಬಾಗಿಲು ತೆರೆದು ಹಾರ್ಡ್ ಡಿಸ್ಕ್ ತಳ್ಳಿದರೆ ಒಳಗಿನ ಬೋರ್ಡಿಗೆ ಕಚ್ಚಿಕೊಳ್ಳುತ್ತದೆ. ಹಿಡಿ ಎಳೆದರೆ ಹೊರಗೆ ಬರುತ್ತದೆ. ಯಂತ್ರ ಆರಿಸಬೇಕಿಲ್ಲ, ಪಕ್ಕದ ತಗಡು ಬಿಚ್ಚಬೇಕಿಲ್ಲ, ಉರುಳಿಹೋದ ಸ್ಕ್ರೂಗಾಗಿ ಮಂಚದ ಕೆಳಗೆ ಟಾರ್ಚ್ ಹಾಕಿ ಹುಡುಕಬೇಕಿಲ್ಲ. ಹಿಂದೆ ಸಿ.ಡಿ. ಡ್ರೈವ್ ಇದ್ದ ಐದೂಕಾಲು ಇಂಚಿನ ಜಾಗದಲ್ಲಿ ಮೂರೂವರೆ ಇಂಚಿನ ಡಿಸ್ಕಿಗೆ ಈ ಗೂಡು ಕಟ್ಟುತ್ತಾರೆ. ಟೇಪು ಹಿಡಿದು ನೋಡುವವರಿಗೆ ಮೂರೂವರೆ ಇಂಚಿನ ಡಿಸ್ಕಿನ ಅಗಲ 101.6 ಮಿಲಿಮೀಟರ್, ಅಂದರೆ ಸರಿಯಾಗಿ ನಾಲ್ಕು ಇಂಚು ಸಿಗುತ್ತದೆ. ಈ ಶಾಸ್ತ್ರದಲ್ಲಿ ಹೇಳುವ ಅಳತೆ ಬೇರೆ, ಇರುವ ಅಳತೆ ಬೇರೆ. ತಲೆ ಕೆಡಿಸಿಕೊಂಡವರಿಗೆ ಲಾಭವಿಲ್ಲ.

ಇಂಥ ಗೂಡಿಗೆ ಬೆಂಗಳೂರಿನ ಸಿ.ವಿ. ರಾಮನ್ ನಗರಕ್ಕಿಂತ ಹದವಾದ ನೆಲ ಸಿಗುವುದು ಕಷ್ಟ. ಒಂದು ಕಡೆ ಡಿ.ಆರ್.ಡಿ.ಒ. ಪ್ರಯೋಗಾಲಯಗಳ ಸಾಲು: ರೇಡಾರಿಗೆ ಎಲ್.ಆರ್.ಡಿ.ಇ., ಜೆಟ್ ಎಂಜಿನ್ನಿಗೆ ಜಿ.ಟಿ.ಆರ್.ಇ., ಪೈಲಟ್ ಇಲ್ಲದ ವಿಮಾನಕ್ಕೆ ಎ.ಡಿ.ಇ. ಇನ್ನೊಂದು ಕಡೆ ಬಾಗ್ಮನೆ ಟೆಕ್ ಪಾರ್ಕ್. ನಡುವೆ ಉಳಿದ ಜಾಗದಲ್ಲಿ ಜನ ವಾಸಿಸುತ್ತಾರೆ. ಇಲ್ಲಿನ ನಿವೃತ್ತ ಎಂಜಿನಿಯರು ಕೆಲಸ ಮಾಡುತ್ತಿರುವ ವಸ್ತುವನ್ನು ಎಸೆಯುವವರಲ್ಲ. ಕೆಲಸ ಮಾಡದ ವಸ್ತುವನ್ನಂತೂ ಎಸೆಯುವುದೇ ಇಲ್ಲ, ಒಂದು ದಿನ ಬಿಚ್ಚಿ ನೋಡಬೇಕಲ್ಲ! ಹಾಗಾಗಿ ಬೀರುವಿನ ಕೆಳಗಿನ ಅರೆಯಲ್ಲಿ 80 ಜಿ.ಬಿ.ಯಿಂದ 4 ಟಿ.ಬಿ.ವರೆಗಿನ ಡಿಸ್ಕುಗಳು ವಯಸ್ಸಿನ ಪ್ರಕಾರ ಜೋಡಿಸಿರುತ್ತವೆ. ಒಂದರಲ್ಲಿ ಗೃಹಪ್ರವೇಶದ ವಿಡಿಯೊ, ಒಂದರಲ್ಲಿ ಮೊಮ್ಮಗನ ನಾಮಕರಣ, ಇನ್ನೊಂದರಲ್ಲಿ ಏನಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಅದನ್ನು ಮುಟ್ಟಕೂಡದು.

ಓಡುವ ಯಂತ್ರದಿಂದ ಡಿಸ್ಕ್ ಕೀಳುವ ಸೌಕರ್ಯ ಮನೆಯ ಕಂಪ್ಯೂಟರಿಗೆ ಬಂದದ್ದು ಸಾಟಾ ಜೋಡಣೆಯೊಂದಿಗೆ; ಅದರ ಮೊದಲ ಮಾನಕ ಪ್ರಕಟವಾದದ್ದು 2000ದ ದಶಕದ ಆರಂಭದಲ್ಲಿ. ಅದಕ್ಕೂ ಮುಂಚೆ ಇದ್ದದ್ದು ಅಂಗೈ ಅಗಲದ ಪಟ್ಟಿ ಕೇಬಲ್ಲು, ಮಾಸ್ಟರ್-ಸ್ಲೇವ್ ಎಂದು ಗುರುತಿಸಲು ಉಗುರಿನಷ್ಟು ಚಿಕ್ಕ ಜಂಪರು, ಮತ್ತು ವಿದ್ಯುತ್ತಿಗೆ ನಾಲ್ಕು ಪಿನ್ನಿನ ಕನೆಕ್ಟರು. ಆ ಕನೆಕ್ಟರನ್ನು ಕೀಳಲು ಎರಡು ಕೈ, ಒಂದು ಮೊಣಕಾಲು ಮತ್ತು ಪಕ್ಕದಲ್ಲಿ ಮಕ್ಕಳಿಲ್ಲದ ಹೊತ್ತು ಬೇಕಿತ್ತು.

ಸಾಟಾ ಡಿಸ್ಕಿನ ಹಿಂಭಾಗವನ್ನು ಬೆಳಕಿಗೆ ಹಿಡಿದರೆ ಎರಡು ಸಾಲು ಚಿನ್ನದ ಬಣ್ಣದ ಪಟ್ಟಿಗಳು ಕಾಣುತ್ತವೆ: ಮಾಹಿತಿಗೆ 7, ವಿದ್ಯುತ್ತಿಗೆ 15. ಗುಟ್ಟು ಇರುವುದು ಇವು ತಾಗುವ ಸರದಿಯಲ್ಲಿ. ಗೂಡಿನೊಳಗಿನ ಬೋರ್ಡಿನಲ್ಲಿ ಈ ಸಂಪರ್ಕಗಳನ್ನು ಉದ್ದ-ಗಿಡ್ಡವಾಗಿ ಮಾಡಿರುತ್ತಾರೆ. ಡಿಸ್ಕ್ ಒಳಗೆ ಸರಿಯುವಾಗ ಮೊದಲು ತಾಗುವುದು ಗ್ರೌಂಡಿನ ಪಿನ್ನುಗಳು. ಆಮೇಲೆ ತಾಗುವ ಕೆಲವು ಪಿನ್ನುಗಳು ವಿದ್ಯುತ್ತನ್ನು ಅಳೆದು ಸುರಿದು ಡಿಸ್ಕಿನ ಕೆಪಾಸಿಟರುಗಳನ್ನು ತುಂಬಿಸುತ್ತವೆ. ಕಡೆಗೆ ಮಿಕ್ಕ ಪಿನ್ನುಗಳು ಸೇರಿ ಪೂರ್ತಿ ವಿದ್ಯುತ್ತು ಹರಿಯುತ್ತದೆ. ಕೀಳುವಾಗ ಇದೇ ಸರದಿ ತಿರುಗುಮುರುಗು. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಈ ವ್ಯವಹಾರದಿಂದಾಗಿ ಕಿಡಿ ಹಾರುವುದಿಲ್ಲ, ಪಕ್ಕದ ಡಿಸ್ಕು ಬೆಚ್ಚುವುದಿಲ್ಲ. ಸರತಿಯ ಸಾಲನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವುದು ಊರಿನಲ್ಲಿ ಬೇರೆಲ್ಲೂ ಕಂಡುಬಂದಿಲ್ಲ.

ಇಷ್ಟಾದರೂ ಮದರ್‌ಬೋರ್ಡಿನ ಒಪ್ಪಿಗೆ ಬೇಕು. ಬಯಾಸ್‌ನಲ್ಲಿ ಸಾಟಾವನ್ನು ಎ.ಎಚ್.ಸಿ.ಐ. ವಿಧಾನದಲ್ಲಿಟ್ಟು, ಆ ಪೋರ್ಟಿನ ಎದುರು ಹಾಟ್ ಪ್ಲಗ್ ಎಂದಿರುವ ಕಡೆ ಎನೇಬಲ್ ಮಾಡಬೇಕು. ಮಾಡದಿದ್ದರೆ ಡಿಸ್ಕು ಒಳಗೆ ಹೋಗಿ, ತಿರುಗಿ, ದೀಪ ಹೊತ್ತಿಸಿಕೊಂಡು ಕುಳಿತರೂ ಯಂತ್ರ ಅದನ್ನು ಗಮನಿಸದೆ ಇರಬಹುದು. ಎಲ್ಲ ಪೋರ್ಟುಗಳಿಗೂ ಒಟ್ಟಿಗೆ ಎನೇಬಲ್ ಮಾಡಿದವರಿಗೆ ಬೇರೊಂದು ತಮಾಷೆ ಕಾದಿರುತ್ತದೆ. ವಿಂಡೋಸ್‌ನಲ್ಲಿ ಕೆಳಗಿನ ಮೂಲೆಯ ‘ಸೇಫ್ಲಿ ರಿಮೂವ್’ ಪಟ್ಟಿ ತೆರೆದರೆ, ವಿಂಡೋಸ್ ಸ್ವತಃ ಕುಳಿತಿರುವ ಡಿಸ್ಕಿನ ಹೆಸರೂ ಅಲ್ಲಿ ಕಾಣಿಸಿಕೊಳ್ಳಬಹುದು. ಒತ್ತಿದರೆ ಅದು ಬಳಕೆಯಲ್ಲಿದೆ ಎಂಬ ಉತ್ತರ ಬರುತ್ತದೆ. ಕುಳಿತ ಕೊಂಬೆ ಕಡಿಯಲು ಅರ್ಜಿ ನಮೂನೆ ಕೊಟ್ಟು, ಅರ್ಜಿಯನ್ನು ತಿರಸ್ಕರಿಸುವ ಪದ್ಧತಿ ಇದು.

ಕೀಳುವುದಕ್ಕೆ ಮುಂಚಿನ ವಿಧಿಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಪಿನ್ನುಗಳು ಕಾಯುವುದು ವಿದ್ಯುತ್ತಿನ ಕ್ಷೇಮವನ್ನು ಮಾತ್ರ. ಮಾಹಿತಿಯ ಕ್ಷೇಮ ಅವುಗಳ ಇಲಾಖೆಯಲ್ಲ. ಫೈಲು ಬರೆದಾಯಿತು ಎಂದು ಪರದೆ ಹೇಳಿದ ಮೇಲೂ ಅದರ ಒಂದು ಭಾಗ ಯಂತ್ರದ ಮೆಮೊರಿಯಲ್ಲಿ, ಇನ್ನೊಂದು ಭಾಗ ಡಿಸ್ಕಿನ ಸ್ವಂತ ಕ್ಯಾಶ್‌ನಲ್ಲಿ ಕಾದಿರಬಹುದು. ಆದ್ದರಿಂದ ಮನೆಗೆ ಬಂದ ನೆಂಟರು ಹೊಸಿಲು ದಾಟುವ ಮುಂಚೆ ಕುಂಕುಮ, ಎಲೆ-ಅಡಿಕೆ ಪಡೆದು ‘ಬರ್ತೀವಿ’ ಎಂದು ಹೇಳಿ ಹೊರಡುವಂತೆ ಡಿಸ್ಕೂ ಹೇಳಿಯೇ ಹೊರಡಬೇಕು. ವಿಂಡೋಸ್‌ನಲ್ಲಿ ಇಜೆಕ್ಟ್ ಒತ್ತಬೇಕು. ಲಿನಕ್ಸ್‌ನಲ್ಲಿ ಅನ್‌ಮೌಂಟ್ ಮಾಡಿ, ಆಮೇಲೆ ಡಿಸ್ಕಿನ ವಿದ್ಯುತ್ತು ಆರಿಸುವ ಆಜ್ಞೆ ಕೊಡಬೇಕು. ‘ಯಾವುದೋ ಪ್ರೋಗ್ರಾಂ ಬಳಸುತ್ತಿದೆ’ ಎಂದು ಯಂತ್ರ ತಡೆದರೆ ಆ ಪ್ರೋಗ್ರಾಂ ಯಾವುದೆಂದು ಅದು ತಾನಾಗಿ ಹೇಳುವುದು ಅಪರೂಪ. ಸಾಮಾನ್ಯವಾಗಿ ಅದು ಆ್ಯಂಟಿವೈರಸ್, ಇಲ್ಲವೇ ಬೆಳಗ್ಗೆಯಿಂದ ಅರ್ಧಕ್ಕೆ ನಿಲ್ಲಿಸಿಟ್ಟ ನಾಮಕರಣದ ವಿಡಿಯೊ.

ಅಪ್ಪಣೆ ಸಿಕ್ಕ ಮೇಲೂ ಕೈ ಹಾಕಲು ಅವಸರ ಸಲ್ಲ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತಿದ್ದ ತಟ್ಟೆಗಳು ನಿಲ್ಲಲು ಒಂದಷ್ಟು ಹೊತ್ತು ಬೇಕು. ವಿದ್ಯುತ್ತು ಹೋದ ಕ್ಷಣದಲ್ಲಿ ಡಿಸ್ಕು, ತಿರುಗುತ್ತಿರುವ ತಟ್ಟೆಗಳ ವೇಗದಿಂದಲೇ ಶಕ್ತಿ ತೆಗೆದುಕೊಂಡು ತನ್ನ ಹೆಡ್ಡನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸುತ್ತದೆ. ಕರೆಂಟ್ ಹಂಚುವ ಬೆಸ್ಕಾಂ ಇರುವ ಊರಿನಲ್ಲಿ ಈ ಜಾಣತನ ಇಲ್ಲದಿದ್ದರೆ ಯಾವ ಡಿಸ್ಕೂ ಒಂದು ಮಳೆಗಾಲ ದಾಟುತ್ತಿರಲಿಲ್ಲ. ಆದರೂ ತಿರುಗುತ್ತಿರುವ ಡಿಸ್ಕನ್ನು ಕೈಯಲ್ಲಿ ಹಿಡಿದು ಓರೆ ಮಾಡಿದರೆ ಅದು ಅಂಗೈಯಲ್ಲಿ ಪ್ರತಿಭಟಿಸುವುದು ತಿಳಿಯುತ್ತದೆ. ಹಿಡಿ ಎಳೆದು ಎರಡು ಬೆರಳಿನಷ್ಟು ಹೊರಗೆ ಸರಿಸಿ, ಗುಂಯ್ ಎನ್ನುವ ಸದ್ದು ಅಡಗುವವರೆಗೆ ಬಿಟ್ಟು, ಆಮೇಲೆ ಪೂರ್ತಿ ತೆಗೆಯುವುದು ಲೇಸು. ಎಸ್‌ಎಸ್‌ಡಿಗೆ ತಿರುಗುವ ಬಾಧೆ ಇಲ್ಲ. ಹೇಳಿ ಹೊರಡುವ ವಿಧಿಯಿಂದ ಮಾತ್ರ ಅದಕ್ಕೂ ವಿನಾಯಿತಿ ಇಲ್ಲ.

ಗೂಡಿಗಾಗಿ ಪೇಟೆಯ ಎಸ್.ಪಿ. ರಸ್ತೆಗೆ ಹೋಗುವವರುಂಟು. ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಆಯಿತು. ಅಲ್ಲಿ ಯಾವ ಪೆಟ್ಟಿಗೆ ತೋರಿಸಿ ಕೇಳಿದರೂ ‘ಹಾಟ್ ಸ್ವಾಪೇ ಸಾರ್’ ಎಂಬ ಉತ್ತರ ಸಿಗುತ್ತದೆ. ಕೊಳ್ಳುವವರು ಗೂಡಿನ ಹಿಂದೆ ಬೋರ್ಡ್ ಇದೆಯೋ, ಬರೀ ಕೇಬಲ್ ನೇತಾಡುತ್ತಿದೆಯೋ ನೋಡಬೇಕು. ಮಾನಕದ ಪ್ರಕಾರ ಒಳಗಿನ ಸಾಟಾ ಕೇಬಲ್ಲಿನ ಕನೆಕ್ಟರು 50 ಸಲ ಹಾಕಿ ತೆಗೆಯುವುದನ್ನು ತಾಳಿದರೆ ಸಾಕು; ಬೋರ್ಡಿನದು 500 ಸಲ ತಾಳಬೇಕು. ವಾರಕ್ಕೊಮ್ಮೆ ಬ್ಯಾಕಪ್ ಮಾಡುವ ಮನೆಗೆ 500 ಎಂದರೆ ಒಂಬತ್ತು ವರ್ಷ ಮೀರಿದ ಆಯುಸ್ಸು. ಜೊತೆಗೆ ಬರುವ ಬೀಗದ ಕೈ ಕಳ್ಳರಿಗಲ್ಲ, ಮೊಮ್ಮಕ್ಕಳಿಗೆ. ನೀಲಿ ದೀಪ, ಒತ್ತಿದರೆ ತೆರೆಯುವ ಬಾಗಿಲು, ಎಳೆದರೆ ಬರುವ ಡಿಸ್ಕು: ಇದಕ್ಕಿಂತ ಒಳ್ಳೆಯ ಆಟದ ಸಾಮಾನನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ.

ಎರಡು ಡಿಸ್ಕಿನಲ್ಲಿ ಒಂದೇ ಮಾಹಿತಿ ಇಡುವ ರೇಡ್-1 ಕಟ್ಟಿಕೊಂಡು, ಬ್ಯಾಕಪ್ ಚಿಂತೆ ತೀರಿತು ಎಂದು ನಿಶ್ಚಿಂತರಾದವರೂ ಇದ್ದಾರೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ, ನಿಜ. ಅಳಿಸಬಾರದ್ದನ್ನು ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ ಎಂಬುದೂ ಅಷ್ಟೇ ನಿಜ.

ಗೂಡಿನ ನಿಜವಾದ ಉಪಯೋಗ ಒಂದು ಪ್ರತಿಯನ್ನು ಮನೆಯಿಂದ ಹೊರಗೆ ಇಡುವುದರಲ್ಲಿದೆ. ರಾತ್ರಿ ಏಳೆಂಟು ಗಂಟೆಯಲ್ಲಿ 4 ಟಿ.ಬಿ. ಡಿಸ್ಕು ತುಂಬುತ್ತದೆ. ಬೆಳಗ್ಗೆ ಅದನ್ನು ಕಿತ್ತು, ಹಳೆಯ ಟವೆಲ್ಲಿನಲ್ಲಿ ಸುತ್ತಿ, ವಿಜ್ಞಾನ ನಗರದ ತಂಗಿಯ ಮನೆಗೆ ಸ್ಕೂಟರಿನಲ್ಲಿ ಒಯ್ದರೆ ಕೆಲಸ ಮುಗಿಯಿತು. ಅಷ್ಟೇ ಮಾಹಿತಿಯನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದ ಇಂಟರ್ನೆಟ್ಟಿನಲ್ಲಿ ಕಳಿಸಲು ಸುಮಾರು 89 ಗಂಟೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗದಿದ್ದರೆ. ಕಗ್ಗದಾಸಪುರದ ರೈಲ್ವೆ ಗೇಟ್ ಬಿದ್ದು ಸ್ಕೂಟರು ಅರ್ಧ ಗಂಟೆ ನಿಂತರೂ ಡಿಸ್ಕೇ ಮುಂದು.