ಲುಕಪ್ ಸಾಹೇಬರಿಗೆ ಮೂಡಲಗಿಯಿಂದ ಬಹಿರಂಗ ಪತ್ರ

ಫೈಲ್‌ಮೇಕರ್ ಎಂಬ ದತ್ತಾಂಶ ತಂತ್ರಾಂಶದ ಸನ್ಮಾನ್ಯ ಲುಕಪ್ ಸಾಹೇಬರೇ,

ನಾವೆಲ್ಲ ಇತ್ತ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ತಮ್ಮಲ್ಲಿ ಒಮ್ಮೆ ಬರೆದದ್ದು ಕೆಡುವುದೂ ಇಲ್ಲ, ಬದಲಾಗುವುದೂ ಇಲ್ಲ.

ತಮ್ಮ ಕಾರ್ಯದಕ್ಷತೆ ನಮಗೆ ಗೊತ್ತು. ಗುಮಾಸ್ತ ರೈತನ ನಂಬರು ಹೊಡೆದರೆ ಸಾಕು, ತಾವು ಪಕ್ಕದ ಕಡತದಲ್ಲಿ ಅದೇ ನಂಬರು ಹುಡುಕಿ ಹೆಸರು, ಊರು, ತಾಲೂಕು ನಕಲು ಮಾಡಿ ತರುತ್ತೀರಿ. ತಂದ ಮೇಲೆ ಆ ಕಡೆ ತಲೆ ಹಾಕುವುದಿಲ್ಲ. ಮೂಲ ಕಡತದಲ್ಲಿ ಹೆಸರು ತಿದ್ದಲಿ, ಮನುಷ್ಯ ಸಾಯಲಿ, ತಾಲೂಕೇ ಬದಲಾಗಲಿ, ತಮಗೇನು!

ತಾಲೂಕು ಬದಲಾದದ್ದು ನಿಜ. 2018ರಲ್ಲಿ ಗೋಕಾಕದಿಂದ ಬೇರೆಯಾದೆವು. ತಹಶೀಲ್ದಾರರು ಬಂದರು, ಬೋರ್ಡು ಬಂತು. ತಮ್ಮ ಖಾನೆಯಲ್ಲಿ ಮಾತ್ರ ಯಾದವಾಡ, ಹಳ್ಳೂರ, ನಾಗನೂರದವರೆಲ್ಲ ಇನ್ನೂ ‘ತಾ: ಗೋಕಾಕ’. ಕೌಂಟರಿನ ಹುಡುಗ ಎರಡು ಕಾಗದ ಅಕ್ಕಪಕ್ಕ ಹಿಡಿದು, “ಕಾಕಾ, ಇದ್ರಾಗ ಮೂಡಲಗಿ ಐತಿ, ಅದ್ರಾಗ ಗೋಕಾಕ ಐತಿ. ನಿಮ್ಮ ಊರು ಖರೇನ ಎಲ್ಲೈತ್ರಿ?” ಎನ್ನುತ್ತಾನೆ. ಊರು ಎದ್ದು ಎಲ್ಲಿಗೂ ಹೋಗಿಲ್ಲ ಸಾಹೇಬರ.

ಹೊಲದ ಉತಾರದ್ದೂ ಇದೇ ಹಾಡು. ವಾರಸಾ ಆಗಿ ಉತಾರಕ್ಕೆ ಮಗನ ಹೆಸರು ಏರಿರುತ್ತದೆ. ಎಂದೋ ನಕಲಾದ ಸಾಲದ ಯಾದಿಯಲ್ಲಿ ತೀರಿಕೊಂಡ ಅಪ್ಪನೇ ಸಾಲಗಾರ. ಇನ್ನು ತಮ್ಮ ಔದಾರ್ಯ: ಫೈಲ್‌ಮೇಕರಿನಲ್ಲಿ ತಮಗೆ ಒಂದು ಅಧಿಕಾರ ಕೊಟ್ಟಿದ್ದಾರೆ. ಹುಡುಕಿದ್ದು ಸಿಗದಿದ್ದರೆ ಅದಕ್ಕಿಂತ ಕೆಳಗಿನದನ್ನು ತರಬಹುದು. ಅಂಚೆ ತೂಕದ ದರಪಟ್ಟಿಗೆ ಇದು ಬಂಗಾರದಂಥ ಅನುಕೂಲ. ಸರ್ವೆ ನಂಬರಿಗೆ ಹಚ್ಚಿದರೆ ನನ್ನ ಹೊಲಕ್ಕೆ ಬದಿಯ ಹೊಲದವನೇ ಮಾಲೀಕ! ಬಾಂದಿನ ಜಗಳ ನಮ್ಮಲ್ಲಿ ಮೊದಲೇ ಕಡಿಮೆಯಿಲ್ಲ.

ಆದರೂ ತಮ್ಮನ್ನು ನೌಕರಿಯಿಂದ ತೆಗೆಯಿರಿ ಎನ್ನುವವನು ನಾನಲ್ಲ. ಕಬ್ಬಿನ ಬಿಲ್ಲು ನೋಡಿ. ಸಕ್ಕರೆ ಇಳುವರಿ ಶೇ 10.25 ಇದ್ದರೆ ಕೇಂದ್ರದ ಎಫ್‌ಆರ್‌ಪಿ (ನ್ಯಾಯಯುತ ಹಾಗೂ ಲಾಭದಾಯಕ ದರ) 2024–25ರ ಹಂಗಾಮಿಗೆ ಟನ್ನಿಗೆ 3,400 ರೂಪಾಯಿ, 2025–26ಕ್ಕೆ 3,550. ಬಿಲ್ಲಿನ ದರ ದರಪಟ್ಟಿಯನ್ನೇ ಸದಾ ನೋಡುತ್ತ ಕುಳಿತಿದ್ದರೆ, ಪಟ್ಟಿ ತಿದ್ದಿದ ದಿನವೇ ಹೋದ ವರ್ಷದ ಬಿಲ್ಲೂ ಏರಿಬಿಡುತ್ತಿತ್ತು. ನಮಗೇನೋ ಖುಷಿಯೇ, 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿಗೆ ಹೆಚ್ಚಿನ ದರ ಬೇಕೆಂದು ರಸ್ತೆಗಿಳಿದ ರೈತರಿಗೆ ಇಂಥ ಯಂತ್ರ ಸಿಕ್ಕಿದ್ದರೆ ಎಷ್ಟು ಚಂದವಿತ್ತು! ಆದರೆ ಲೆಕ್ಕ ಎಂದಮೇಲೆ ಕಬ್ಬು ತೂಗಿದ ದಿನದ ದರವೇ ನಿಲ್ಲಬೇಕು. ಅಲ್ಲಿ ತಮ್ಮ ಹಟವೇ ಧರ್ಮ.

ಇದಕ್ಕೆಲ್ಲ ‘ರಿಲುಕಪ್’ ಎಂಬ ಮದ್ದಿದೆ ಎನ್ನುತ್ತಾರೆ ಬಲ್ಲವರು. ಇದೆ, ಆದರೆ ಅದು ಪರದೆಯ ಮೇಲೆ ಆಗ ಆಯ್ದಿಟ್ಟ ದಾಖಲೆಗಳನ್ನೆಲ್ಲ ಒಟ್ಟಿಗೇ ತಿದ್ದುತ್ತದೆ. ಒಬ್ಬನ ತಾಲೂಕು ಸರಿಪಡಿಸಲು ಹೋದವರು, ಅದೇ ರೈತ ನಂಬರಿಗೆ ದರವನ್ನೂ ಕಟ್ಟಿದ್ದರೆ, ನೂರಾರು ಹಳೆಯ ಬಿಲ್ಲುಗಳ ದರವನ್ನೂ ತಿದ್ದಿ ಕೈ ತೊಳೆದುಕೊಳ್ಳಬಹುದು.

ಆದ್ದರಿಂದ ನಮ್ಮದೊಂದೇ ಅರ್ಜಿ. ದರ, ತೂಕ, ತಾರೀಖಿನ ಖಾನೆಗಳಲ್ಲಿ ತಾವು ಕಾಯಂ ಇರಿ. ಹೆಸರು, ಊರು, ತಾಲೂಕಿನ ಖಾನೆಗಳನ್ನು ಖಾಲಿ ಮಾಡಿ. ಅಲ್ಲಿ ನಕಲು ಬೇಡ, ಮೂಲ ಕಡತದಲ್ಲಿ ಇವತ್ತು ಇದ್ದದ್ದೇ ಕಾಣಲಿ.

ಇಂತಿ ತಮ್ಮ ವಿಶ್ವಾಸಿ,
ತಾ: ಮೂಡಲಗಿ, ಜಿ: ಬೆಳಗಾವಿ